ಕತ್ತಿಗೆ ಅರಿಶಿನ ಹಚ್ಚಿಕೊಂಡ ಗುಬ್ಬಿ

ಚಿತ್ರದುರ್ಗದ ಕಡೆಯಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಕಾಗದ ಬರೆದಿದ್ದಾಳೆ. ಅವಳ ಶಾಲೆಯ ಅಂಗಳದಲ್ಲಿ ಹಳೆಯ ಹುಣಸೆ ಮರ, ಅದರ ಒಣಕೊಂಬೆಯಲ್ಲಿ ಒಂದು ಪೊಟರೆ. ಆ ಪೊಟರೆಗೆ ಗುಬ್ಬಚ್ಚಿಯಂಥ ಹಕ್ಕಿಯೊಂದು ಹೋಗಿ ಬಂದು ಮಾಡುತ್ತಿದೆಯಂತೆ. "ಆದರೆ ಗುಬ್ಬಚ್ಚಿಗೆ ಇರೋ ಕಪ್ಪು ಗಡ್ಡ ಇದಕ್ಕಿಲ್ಲ. ಕತ್ತಿಗೆ ಅರಿಶಿನ ಹಚ್ಚಿಕೊಂಡ ಹಾಗಿದೆ. ನಮ್ಮ ತಾತ ಅದು ಗುಬ್ಬಿ ಮರಿ ಅಂತಾರೆ. ನನ್ನ ಗೆಳತಿ ಗೀಜಗ ಅಂತಾಳೆ. ಯಾರು ಹೇಳಿದ್ದು ಸರಿ?" ಎಂದು ಕೇಳಿದ್ದಾಳೆ. ಕೆಳಗೊಂದು ಪೆನ್ಸಿಲ್ ಚಿತ್ರವನ್ನೂ ಬರೆದಿದ್ದಾಳೆ. ಚಿತ್ರದಲ್ಲಿ ಹಕ್ಕಿಗಿಂತ ಅರಿಶಿನದ ಚುಕ್ಕೆಯೇ ದೊಡ್ಡದು!

ಮಗೂ, ನೀನು ಆ ಚುಕ್ಕೆಯನ್ನು ಗಮನಿಸಿದ್ದೇ ದೊಡ್ಡ ಕೆಲಸ. ಯಾಕೆಂದರೆ ಆ ಹಕ್ಕಿಯ ಗುಟ್ಟೆಲ್ಲ ಅಲ್ಲೇ ಇದೆ. ಇದನ್ನು ನಾವು ಹಳದಿ ಕತ್ತಿನ ಗುಬ್ಬಿ ಎಂದು ಕರೆಯೋಣ. ವಿಜ್ಞಾನಿಗಳು ಇಟ್ಟ ಹೆಸರು ಜಿಮ್ನೋರಿಸ್ ಕ್ಸಾಂಥೊಕಾಲಿಸ್. ಬಾಯಿಗೆ ಬರಲು ಕಷ್ಟ, ಆದರೆ ಎರಡನೆಯ ಪದದ ಅರ್ಥ ಸುಲಭ: ಹಳದಿ ಕತ್ತಿನದು.

ನಿಮ್ಮ ತಾತ ಗುಬ್ಬಿ ಮರಿ ಎಂದರಲ್ಲ, ಅದಕ್ಕೂ ಕಾರಣವಿದೆ. ಗುಬ್ಬಚ್ಚಿಯ ಮರಿಗೆ ನಿಜವಾಗಿಯೂ ಹಳದಿ ಇರುತ್ತದೆ. ಆದರೆ ಅದು ಕೊಕ್ಕಿನ ಅಂಚಿನಲ್ಲಿ, ಬಾಯಿಯ ಎರಡೂ ಮೂಲೆಗಳಲ್ಲಿ. ಅಮ್ಮ ಗುಟುಕು ತಂದಾಗ ಬಾಯಿ ಎಲ್ಲಿದೆ ಎಂದು ಕತ್ತಲ ಗೂಡಿನಲ್ಲೂ ಕಾಣಲಿ ಎಂದು. ಕತ್ತಿನಲ್ಲಿ ಅಲ್ಲ. ಗೀಜಗದ ಗಂಡಿಗೂ ಹಳದಿ ಬರುತ್ತದೆ, ಅದು ಗೂಡು ಕಟ್ಟುವ ಕಾಲದಲ್ಲಿ. ಆಗ ಅದರ ನೆತ್ತಿ, ಎದೆ ಎಲ್ಲ ಹಳದಿ, ಮುಖ ಮಾತ್ರ ಮಸಿ ಬಳಿದ ಹಾಗೆ ಕಪ್ಪು. ಜೊತೆಗೆ ಗೀಜಗ ಪೊಟರೆಯಲ್ಲಿ ಸಂಸಾರ ಹೂಡುವುದಿಲ್ಲ. ಕೊಂಬೆಗೋ ಈಚಲ ಗರಿಗೋ ತೂಗುವ ಗೂಡು ಹೆಣೆಯುತ್ತದೆ. ಪೊಟರೆ ಎಂದ ಕೂಡಲೇ ಗೀಜಗದ ಮಾತು ಬಿಟ್ಟುಬಿಡಿ.

ಇನ್ನು ಗುಬ್ಬಚ್ಚಿಗೂ ಇದಕ್ಕೂ ವ್ಯತ್ಯಾಸ. ಚುಕ್ಕೆ ಯಾವಾಗಲೂ ಕಾಣುತ್ತದೆ ಎನ್ನುವಂತಿಲ್ಲ. ಹಕ್ಕಿ ಬೆನ್ನು ತಿರುಗಿಸಿ ಕೂತಿದ್ದರೆ? ಹೆಣ್ಣಾಗಿದ್ದರೆ? ಹೆಣ್ಣಿಗೆ ಆ ಹಳದಿ ತೀರಾ ಮಸುಕು. ಅದಕ್ಕೇ ನಾನು ಮೊದಲು ನೋಡುವುದು ಬೆನ್ನನ್ನು. ಗುಬ್ಬಚ್ಚಿಯ ಬೆನ್ನ ಮೇಲೆ ಕಪ್ಪು, ಕಂದು ಗೀರುಗಳು ಇರುತ್ತವೆ. ಈ ಹಕ್ಕಿಯ ಬೆನ್ನು ಒಂದೇ ಬಣ್ಣ, ಬೂದಿ ಬೆರೆತ ಕಂದು. ಒಂದು ಗೀರೂ ಇಲ್ಲ. ಆಮೇಲೆ ರೆಕ್ಕೆ ನೋಡಿ: ಅಡ್ಡಕ್ಕೆ ಎರಡು ಬಿಳಿ ಪಟ್ಟಿ, ಮೇಲಿನದು ಎದ್ದು ಕಾಣುತ್ತದೆ. ಗಂಡಿನ ಭುಜದ ಮೇಲೆ ಇಟ್ಟಿಗೆ ಕೆಂಪಿನ ಒಂದು ತೇಪೆ. ಕೊಕ್ಕು ಗುಬ್ಬಚ್ಚಿಯದಕ್ಕಿಂತ ಸಪೂರ, ಚೂಪು. ಗಂಡಿಗೆ ಮರಿ ಮಾಡುವ ಕಾಲದಲ್ಲಿ ಅದು ಕಪ್ಪಾಗುತ್ತದೆ. ಗಾತ್ರ ಮಾತ್ರ ಹೆಚ್ಚುಕಡಿಮೆ ಗುಬ್ಬಚ್ಚಿಯದೇ, ಕೊಂಚ ತೆಳ್ಳಗೆ. ಕೂಗು ಗುಬ್ಬಚ್ಚಿಯ ಚಿಲಿಪಿಲಿಯನ್ನೇ ಹೋಲುತ್ತದೆ, ಆದರೆ ಇನ್ನೂ ಇಂಪು. ಬಿಸಿಲಲ್ಲಿ ಒಂದೇ ಕೊಂಬೆಯ ಮೇಲೆ ಕೂತು ಅದನ್ನೇ ಹೇಳುತ್ತಾ ಇರುತ್ತದೆ, ಮಗ್ಗಿ ಒಪ್ಪಿಸುವ ಹುಡುಗರ ಹಾಗೆ.

ಕಾಗದದ ಕೊನೆಯಲ್ಲಿ ಹುಡುಗಿ ಇನ್ನೊಂದು ಮಾತು ಬರೆದಿದ್ದಾಳೆ: "ಈ ಮರಿ ಯಾಕೋ ಮನೆಯೊಳಗೆ ಬರಲ್ಲ ಅಂತ ತಾತ ಹೇಳ್ತಾರೆ." ತಾತ ಹೆಸರು ತಪ್ಪಿದರೂ ಗುಣ ಹಿಡಿದಿದ್ದಾರೆ! ಗುಬ್ಬಚ್ಚಿ ಮನುಷ್ಯರಿಲ್ಲದ ಕಡೆ ಇರುವುದೇ ಅಪರೂಪ. ನಮ್ಮ ಸೂರು, ನಮ್ಮ ಅಂಗಳದ ಕಾಳು ಅದಕ್ಕೆ ಬೇಕು. ಹಳದಿ ಕತ್ತಿನದು ಮರಗಳ ಗುಬ್ಬಿ. ಕುರುಚಲು ಕಾಡು, ಹೊಲದ ಬದುವಿನ ಜಾಲಿ, ತೋಟ, ಸಾಲುಮರ ಇವೇ ಅದರ ಊರು. ಕಾಳು, ಹುಲ್ಲಿನ ಬೀಜ, ಸಣ್ಣ ಹಣ್ಣು, ಹುಳುಹುಪ್ಪಟೆ ತಿನ್ನುತ್ತದೆ. ಹೂವಿನ ಮಕರಂದವನ್ನೂ ಬಿಡುವುದಿಲ್ಲ. ಕೆಲವೊಮ್ಮೆ ಹಣೆಗೆಲ್ಲ ಪರಾಗ ಮೆತ್ತಿಕೊಂಡು ಈಚೆ ಬರುತ್ತದೆ, ಬೆಲ್ಲದ ಡಬ್ಬಿಗೆ ಕೈ ಹಾಕಿದ ಮಗು ಮೂತಿ ಒರೆಸಿಕೊಳ್ಳದೆ ಬಂದ ಹಾಗೆ.

ಈ ಚುಕ್ಕೆಯಿಂದ ಇನ್ನೊಬ್ಬ ಹುಡುಗನ ಬದುಕೇ ಬೇರೆ ದಾರಿ ಹಿಡಿಯಿತು. ಅವನ ಕಥೆ ಹೇಳದೆ ಈ ಹಕ್ಕಿಯ ಮಾತು ಮುಗಿಯುವುದಿಲ್ಲ.

ಅವನು ಹುಟ್ಟಿದ್ದು 1896ರಲ್ಲಿ. ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಮುಂಬೈಯ ಖೇತವಾಡಿಯಲ್ಲಿ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಅವರ ಮನೆಯಲ್ಲಿ ಬೆಳೆದ. ಮಾವ ಬೇಟೆಪ್ರಿಯರು. ಹುಡುಗನ ಕೈಗೂ ಒಂದು ಆಟದ ಏರ್‌ಗನ್ ಬಂತು. ಗುಬ್ಬಿ ಹೊಡೆಯುವುದೇ ಅವನ ಆಟ. (ಮೊಮ್ಮಕ್ಕಳು ಹುಬ್ಬೇರಿಸುವುದು ಬೇಡ. ಅಂದಿನ ಕಾಲ ಹಾಗಿತ್ತು. ಅಜ್ಜಂದಿರಲ್ಲೂ ಎಷ್ಟು ಜನ ಚಾಟಿಬಿಲ್ಲು ಹಿಡಿದಿದ್ದರೋ, ಕೇಳಿ ನೋಡಿ.) ಆದರೆ ಅವನು ಬರೀ ಹೊಡೆಯುತ್ತಿರಲಿಲ್ಲ, ನೋಡುತ್ತಲೂ ಇದ್ದ. ಕುದುರೆ ಲಾಯದ ಗೋಡೆಯ ತೂತಿನಲ್ಲಿ ಗುಬ್ಬಚ್ಚಿಯೊಂದು ಗೂಡು ಮಾಡಿತ್ತು. ಹೊರಗೆ ಕಾವಲು ಕೂತ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಬಂದು ಅದೇ ಜಾಗದಲ್ಲಿ ಕಾವಲು ಕೂತಿತು! ಏಳು ದಿನಗಳಲ್ಲಿ ಎಂಟು ಗಂಡುಗಳು. ಇದನ್ನು ಅವನು ಪುಸ್ತಕದಲ್ಲಿ ಬರೆದಿಟ್ಟ. ಆಗ ವಯಸ್ಸು ಹತ್ತರ ಆಸುಪಾಸು. ಹೊಡೆದದ್ದು ನನಗೆ ಇಷ್ಟವಿಲ್ಲ, ಬರೆದಿಟ್ಟದ್ದು ಬಹಳ ಇಷ್ಟ.

ಒಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಚುಕ್ಕೆ ಕಂಡಿತು. ಇದು ಬೇರೆ ಜಾತಿಯ ಹಾಗಿದೆ, ಇದನ್ನು ನಮ್ಮವರು ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಬಂದು ಮಾವನ ಬಳಿ ಒಯ್ದ. ಮಾವನಿಗೂ ಗೊತ್ತಾಗಲಿಲ್ಲ. ಇಲ್ಲೇ ನೋಡಿ ಆ ಹಿರಿಯರ ದೊಡ್ಡತನ. ಏನೋ ಒಂದು ಹೆಸರು ಹೇಳಿ ಸಾಗಹಾಕಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬವರಿಗೆ ಪತ್ರ ಬರೆದುಕೊಟ್ಟು, ಹೋಗಿ ಕೇಳು ಎಂದರು. ದೊರೆಗಳ ಕಾಲ. ಹುಡುಗ ಅಂಜುತ್ತಲೇ ಹೋದ, ಕೈಯಲ್ಲಿ ಸತ್ತ ಗುಬ್ಬಿ. ಮಿಲ್ಲಾರ್ಡ್ ಗದರಲಿಲ್ಲ. ಹಕ್ಕಿಯನ್ನು ನೋಡಿ ಇದು ಹಳದಿ ಕತ್ತಿನ ಗುಬ್ಬಿ ಎಂದು ಹೇಳಿದರು. ಅಷ್ಟಕ್ಕೆ ಕಳುಹಿಸಿಬಿಡದೆ, ಒಂದೊಂದೇ ಸೆಳೆಖಾನೆ ತೆರೆದು ಅಲ್ಲಿ ಕಾಪಾಡಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು.

ಆ ಹುಡುಗನೇ ಸಲೀಂ ಅಲಿ. ದೇಶದ ಹಕ್ಕಿಗಳನ್ನೆಲ್ಲ ಅರಿತವರು. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲೇ ಈ ಗುಬ್ಬಿ ಇದೆ: 'ದ ಫಾಲ್ ಆಫ್ ಎ ಸ್ಪ್ಯಾರೋ'. ನಮ್ಮ ನಾಡಿಗೂ ಅವರ ಋಣವಿದೆ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರೇ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದೂ ಅವರು ಮಹಾರಾಜರಿಗೆ ಹೇಳಿದ್ದರಿಂದ.

ಈಗ ಮತ್ತೆ ಹುಣಸೆ ಮರಕ್ಕೆ ಬರೋಣ. ಆ ಒಣಕೊಂಬೆ ಅಂಗಳಕ್ಕೆ ಅಂದವಲ್ಲ ಎಂದು ಕಡಿಸುವ ಮಾತು ನಡೆದಿದೆ ಎಂದು ಕಾಗದದಲ್ಲಿದೆ. ಹಳದಿ ಕತ್ತಿನ ಗುಬ್ಬಿಗೆ ಮರ ಕೊರೆಯಲು ಬರುವುದಿಲ್ಲ. ಅದರ ಕೊಕ್ಕಿಗೆ ಆ ಶಕ್ತಿಯಿಲ್ಲ. ಮರಕುಟಿಗವೋ ಕಂಚುಕುಟಿಗವೋ ಕೊರೆದು ಬಿಟ್ಟುಹೋದ ಪೊಟರೆಯೇ ಅದಕ್ಕೆ ಬಾಡಿಗೆ ಮನೆ. ಕಂಚುಕುಟಿಗ ಕೊರೆಯುವುದು ಮೆತ್ತಗಾದ ಒಣಕೊಂಬೆಯನ್ನೇ. ನಾವು ಒಣಗಿದ್ದನ್ನೆಲ್ಲ ಕತ್ತರಿಸಿ ಮರವನ್ನು ಚೊಕ್ಕಟ ಮಾಡಿದರೆ ಕೊರೆಯುವವರಿಗೂ ಜಾಗವಿಲ್ಲ, ಬಾಡಿಗೆಗೆ ಬರುವವರಿಗೂ ಮನೆಯಿಲ್ಲ. ಮಕ್ಕಳ ತಲೆಯ ಮೇಲೆ ಬೀಳುವಂತಿದ್ದರೆ ಕಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆಗಲೂ ಒಂದೆರಡು ತಿಂಗಳು ಕಾಯಬಹುದು, ಆವರೆಗೆ ಕೆಳಗೆ ಓಡಾಡದ ಹಾಗೆ ಹಗ್ಗ ಕಟ್ಟಬಹುದು. ಈ ಹಕ್ಕಿ ಮರಿ ಮಾಡುವುದು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜುಲೈವರೆಗೆ. ಮೊಟ್ಟೆ ಮೂರೋ ನಾಲ್ಕೋ. ಹೆಡ್‌ಮಾಸ್ಟರ್ ಬಳಿ ತಾತನನ್ನೇ ಕರೆದುಕೊಂಡು ಹೋಗು. ಬೆಳ್ಳಿಗೂದಲಿನವರು ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಉಳಿದವರಿಗೂ ಕೆಲಸವಿದೆ. ಈ ವಾರ ನಿಮ್ಮೂರಿನ ಹಳೆಯ ಬೇವು, ಮಾವು, ಹುಣಸೆ ಮರಗಳ ಪೊಟರೆಗಳನ್ನು ದೂರದಿಂದಲೇ ನೋಡಿ. ಹತ್ತಿ ಕೈ ಹಾಕಬೇಡಿ. ಒಳಗೆ ಹಾವಿರಬಹುದು, ಮರಿಗಳೂ ಇರಬಹುದು. ತಾರೀಖು, ಹೊತ್ತು, ಯಾವ ಮರ, ಪೊಟರೆ ಎಷ್ಟು ಎತ್ತರದಲ್ಲಿದೆ, ಹಕ್ಕಿಯ ಬೆನ್ನಿನಲ್ಲಿ ಗೀರು ಇತ್ತೇ ಇಲ್ಲವೇ ಎಂದು ನೋಟ್‌ಬುಕ್ಕಿನಲ್ಲಿ ಬರೆದು ನನಗೆ ಕಳುಹಿಸಿ. ಚಿತ್ರ ಬರೆದರೆ ಇನ್ನೂ ಸಂತೋಷ. ಚುಕ್ಕೆ ಎಷ್ಟು ದೊಡ್ಡದಾದರೂ ಅಡ್ಡಿಯಿಲ್ಲ.