ಜೆರ್ಸಿ ನಮ್ಮದು, ತಂಡ ಯಾರದ್ದು?

ಬಣಕಲ್ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಆರ್‌ಸಿಬಿ ಜೆರ್ಸಿ ಹಾಕಿದ ಹುಡುಗರು ಸಾಲಾಗಿ ಸಿಗುತ್ತಾರೆ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನಲು ಇಳಿದವರ ಮೈಮೇಲೂ ಅದೇ. ಎಲ್ಲರ ಬಾಯಲ್ಲೂ ಒಂದೇ ಮಾತು: 'ನಮ್ಮ ಆರ್‌ಸಿಬಿ'. ಆಟ ನೋಡಬೇಡಿ, ಜೆರ್ಸಿ ಹಾಕಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ತಕರಾರು ಆ 'ನಮ್ಮ' ಅನ್ನುವ ಪದದ ಮೇಲೆ.

2008ರಲ್ಲಿ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರ್‌ಗೆ ತಂಡ ಕೊಂಡರು. ಹೆಸರು ಬಂದಿದ್ದು ಅವರ ಕಂಪನಿಯ ವಿಸ್ಕಿಯಿಂದ. 2025ರ ಜೂನ್ 3ರಂದು ತಂಡ ಮೊದಲ ಸಲ ಕಪ್ ಗೆದ್ದಿತು. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದೇ ನವೆಂಬರ್‌ನಲ್ಲಿ, ತಂಡದ ಮೇಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುತ್ತಿದ್ದೇನೆ ಎಂದು ಮಾಲೀಕ ಕಂಪನಿ ಷೇರುಪೇಟೆಗೆ ತಿಳಿಸಿತು. ಷೇರುಪೇಟೆಗೆ ತಿಳಿಸಲೇಬೇಕು, ಅದು ಕಾನೂನು. ಹದಿನೆಂಟು ವರ್ಷ ಕಾದ ಅಭಿಮಾನಿಗೆ ತಿಳಿಸಬೇಕೆಂದು ಯಾವ ಕಾನೂನೂ ಇಲ್ಲ.

ಬೆಂಗಳೂರು ದೂರವಾಯಿತು ಅನ್ನುತ್ತೀರಾ? ಹಾಗಾದರೆ 2009ಕ್ಕೆ ಬನ್ನಿ. ಆ ವರ್ಷ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ 'ಮಲ್ನಾಡ್ ಗ್ಲಾಡಿಯೇಟರ್ಸ್' ಅಂತ ಒಂದು ತಂಡ ಇತ್ತು. ಮಲ್ನಾಡ್ ಅಂದರೆ ನಾವೇ ತಾನೆ? ಮೂಡಿಗೆರೆ ತಾಲ್ಲೂಕಿನಲ್ಲಿ ಅದು ಒಂದು ಪಂದ್ಯವನ್ನೂ ಆಡಲಿಲ್ಲ. ನಮ್ಮ ಹೆಸರು ತೆಗೆದುಕೊಂಡು ಹೋಗಿದ್ದು ನಮಗೆ ಗೊತ್ತಾಗಲಿಲ್ಲ, ಹೆಸರು ಅಳಿಸಿದ್ದೂ ಗೊತ್ತಾಗಲಿಲ್ಲ. ಆ ಲೀಗ್ 2019ರಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ತನಿಖೆಗೆ ಸಿಕ್ಕಿಹಾಕಿಕೊಂಡಿತು. ತಂಡವೊಂದರ ಮಾಲೀಕರೇ ಬಂಧನವಾದರು.

ಕ್ರಿಕೆಟ್‌ನ ಮಾತು ಇಷ್ಟು ಸಾಕು. ವೃತ್ತಿಪರ ತಂಡ ಹೇಗೆ ಹುಟ್ಟುತ್ತದೆ, ಯಾರ ಕೈಯಲ್ಲಿ ಬೆಳೆಯುತ್ತದೆ ಎಂಬುದು ಫುಟ್‌ಬಾಲ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕರ್ನಾಟಕದ ಒಂದು ತಂಡ, ಅಮೆರಿಕದ ಒಂದು ತಂಡ, ಎರಡರ ಮೊದಲ ದಿನಗಳನ್ನೂ ಹೇಳುತ್ತೇವೆ. ಆಮೇಲೆ ನಮ್ಮೂರಿಗೆ ಬರೋಣ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿ ಗೆದ್ದಿದ್ದು ನಾಲ್ಕು ಸಲ. ಇದೆಲ್ಲ ನಡೆದದ್ದು ಪೇಟೆಯ ಕ್ಲಬ್‌ಗಳಿಂದ, ಆಮೇಲೆ ಎಚ್‌ಎಎಲ್, ಐಟಿಐ ತರಹದ ಕಾರ್ಖಾನೆ ತಂಡಗಳಿಂದ. ಆಡುವವನಿಗೆ ಕಾರ್ಖಾನೆಯಲ್ಲಿ ನೌಕರಿ, ಸಂಜೆ ಅಭ್ಯಾಸ.

ಎಚ್‌ಎಎಲ್ ತಂಡ ರಾಷ್ಟ್ರೀಯ ಐ-ಲೀಗ್‌ವರೆಗೂ ಹೋಗಿ, 2011-12ರಲ್ಲಿ ಸೋತು ಕೆಳಗಿಳಿಯಿತು. ಸೋತವರು ಇಳಿಯಬೇಕು, ಆಟದ ನಿಯಮ. ಆದರೆ ಮುಂದಿನ ವರ್ಷವೇ ಹತ್ತುವ ನಿಯಮ ಬೇರೆಯಾಯಿತು. ಫುಟ್‌ಬಾಲ್ ಫೆಡರೇಷನ್ ಬಿಡ್ ಕರೆಯಿತು. ಕೆಳಗಿನ ಹಂತದಲ್ಲಿ ಆಡಿ ಬರಬೇಕಿಲ್ಲ, ದುಡ್ಡಿನ ಬಲ ತೋರಿಸಿ ನೇರ ಒಳಗೆ ಬರಬಹುದು. ಹಾಗೆ ಬಂದದ್ದು ಜೆಎಸ್‌ಡಬ್ಲ್ಯೂ ಕಂಪನಿಯ ಬೆಂಗಳೂರು ಎಫ್‌ಸಿ, 2013ರ ಜುಲೈ 20ರಂದು.

ಆ ತಂಡ ಕೆಲಸ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುನಿಲ್ ಛೆಟ್ರಿ ನಾಯಕ, ಇಂಗ್ಲೆಂಡಿನ ಆ್ಯಷ್ಲಿ ವೆಸ್ಟ್‌ವುಡ್ ಕೋಚ್. ಸೆಪ್ಟೆಂಬರ್ 22ರಂದು ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ಎದುರು 1-1ರ ಡ್ರಾದೊಂದಿಗೆ ಶುರು. ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಮೊದಲ ವರ್ಷವೇ ಲೀಗ್ ಗೆದ್ದರು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋದರು. ಗ್ಯಾಲರಿಯ ಒಂದು ಬದಿಯಲ್ಲಿ ನಿಂತು ಹಾಡುವ ಹುಡುಗರು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡರು. ಸೋತಾಗಲೂ ಬಂದರು. ಪ್ರೀತಿಗೆ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ಹಕ್ಕಿಗೆ. 2025ರಲ್ಲಿ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ನಡುವಿನ ಒಪ್ಪಂದ ಮುಗಿಯುತ್ತ ಬಂತು. ಮುಂದೇನು ಎಂದು ಯಾರೂ ತೀರ್ಮಾನಿಸಲಿಲ್ಲ. ಲೀಗ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಕಂಪನಿಗೆ ಅದರ ಲೆಕ್ಕ ಅದಕ್ಕೆ. ಹನ್ನೆರಡು ವರ್ಷ ಹಾಡಿದವರನ್ನು ಯಾರೂ ಸಭೆಗೆ ಕರೆಯಲಿಲ್ಲ. ಕರೆಯಬೇಕಾದ ಸಭೆ ಅಂತ ಒಂದು ಇರಲೇ ಇಲ್ಲ. ಟಿಕೆಟ್ ಕೊಂಡವನು ಗಿರಾಕಿ. ಅಂಗಡಿ ಬಾಗಿಲು ಹಾಕುವಾಗ ಗಿರಾಕಿಯನ್ನು ಕೇಳುವ ಪದ್ಧತಿ ಎಲ್ಲಿದೆ?

'ದುಡ್ಡು ಹಾಕಿದವನದ್ದೇ ತಂಡ, ಇನ್ಯಾರದ್ದು' ಎಂದು ಇಲ್ಲಿ ಹಲವರು ಹೇಳುತ್ತೀರಿ. ಸರಿ. ದುಡ್ಡನ್ನು ಊರೇ ಹಾಕಿದರೆ?

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುವುದು, ಎದುರಿನವರು ಹಿಡಿದು ಕೆಡವುವುದು. ನೋಡಿದರೆ ಕಬಡ್ಡಿಯ ದಾಯಾದಿ ಅನ್ನಿಸುತ್ತದೆ. ಅಲ್ಲಿ ಗ್ರೀನ್ ಬೇ ಅಂತ ಒಂದು ಊರು. ವಿಪರೀತ ಚಳಿ, ಕಾಗದದ ಗಿರಣಿಗಳು, ಮಾಂಸ ಡಬ್ಬಿಗೆ ತುಂಬುವ ಕಾರ್ಖಾನೆಗಳು. 1920ರಲ್ಲಿ ಜನಸಂಖ್ಯೆ ಸುಮಾರು 31 ಸಾವಿರ.

1919ರ ಆಗಸ್ಟ್ 11ರ ಸಂಜೆ ಅಲ್ಲಿನ ಪತ್ರಿಕೆ 'ಪ್ರೆಸ್-ಗೆಜೆಟ್' ಕಚೇರಿಯಲ್ಲಿ ಒಂದಷ್ಟು ಹುಡುಗರು ಸೇರಿದರು. ಕರೆದವರು ಇಬ್ಬರು: ಕರ್ಲಿ ಲ್ಯಾಂಬೋ ಎಂಬ 21ರ ಯುವಕ, ಜಾರ್ಜ್ ಕ್ಯಾಲ್ಹೂನ್ ಎಂಬ ಪತ್ರಕರ್ತ. (ಪತ್ರಿಕೋದ್ಯಮ ಓದಿ ಊರಲ್ಲಿ ಕೂತವರು ಏನು ಕಿಸಿದರು ಎಂದು ಕೇಳುವವರು ಇದನ್ನು ಗಮನಿಸಬೇಕು.) ಲ್ಯಾಂಬೋ ಇಂಡಿಯನ್ ಪ್ಯಾಕಿಂಗ್ ಕಂಪನಿಯಲ್ಲಿ ಗುಮಾಸ್ತ. ಕಂಪನಿ ಬಟ್ಟೆಗೆಂದು 500 ಡಾಲರ್ ಕೊಟ್ಟಿತು, ಅದಕ್ಕೇ ತಂಡ 'ಪ್ಯಾಕರ್ಸ್'. ಮೈದಾನಕ್ಕೆ ಬೇಲಿ ಇರಲಿಲ್ಲ, ಟಿಕೆಟ್ ಇರಲಿಲ್ಲ. ಪ್ರೇಕ್ಷಕರ ನಡುವೆ ಟೋಪಿ ಹಿಡಿದು ಓಡಾಡಿ ಚಿಲ್ಲರೆ ಎತ್ತಿದರು. ಮೊದಲ ವರ್ಷ ಹತ್ತು ಗೆಲುವು, ಒಂದು ಸೋಲು. ಕೊನೆಗೆ ಒಬ್ಬೊಬ್ಬ ಆಟಗಾರನ ಪಾಲಿಗೆ ಬಂದದ್ದು 16 ಡಾಲರ್ 75 ಸೆಂಟ್.

ಇವರೇನು ಸತ್ಯಹರಿಶ್ಚಂದ್ರರಲ್ಲ. 1921ರಲ್ಲಿ ರಾಷ್ಟ್ರೀಯ ಲೀಗ್ ಸೇರಿದ ವರ್ಷವೇ ಕಾಲೇಜು ಆಟಗಾರರನ್ನು ಸುಳ್ಳು ಹೆಸರಲ್ಲಿ ಆಡಿಸಿ ಸಿಕ್ಕಿಬಿದ್ದರು. ತಂಡವನ್ನು ಲೀಗ್‌ನಿಂದ ಹೊರಹಾಕಿದರು. ಲ್ಯಾಂಬೋ ತಪ್ಪೊಪ್ಪಿಕೊಂಡು 1922ರಲ್ಲಿ ಮತ್ತೆ ಒಳಗೆ ಬಂದ. ನಮ್ಮ ಟೂರ್ನಿಗಳಲ್ಲಿ ಹೊರಗಿನ ಆಟಗಾರನನ್ನು 'ನಮ್ಮ ಚಿಕ್ಕಪ್ಪನ ಮಗ' ಎಂದು ಇಳಿಸುವವರಿಗೆ ಇದು ಹೊಸ ವಿದ್ಯೆಯೇನಲ್ಲ.

ಬಂದ ವರ್ಷ ಮಳೆ ಹಿಡಿಯಿತು. ಮಳೆಯಾದರೆ ಜನ ಬರುವುದಿಲ್ಲ, ಜನ ಬರದಿದ್ದರೂ ಎದುರಾಳಿ ತಂಡಕ್ಕೆ ಮಾತಾಡಿದ ದುಡ್ಡು ಕೊಡಲೇಬೇಕು. ಅದಕ್ಕೆ ಮಳೆ ವಿಮೆ ಮಾಡಿಸಿದ್ದರು. ಪಂದ್ಯದ ದಿನ ಮಳೆ ಬಂತು, ಆದರೆ ವಿಮೆಯ ಕರಾರಿಗಿಂತ ಒಂದು ಅಂಗುಲದ ನೂರನೇ ಒಂದು ಭಾಗ ಕಡಿಮೆ ಬಿತ್ತು! ಕಂಪನಿ ಕಾಸು ಕೊಡಲಿಲ್ಲ. ಬೆಳೆ ವಿಮೆಗೆ ಹೋಗಿ ಮಳೆಮಾಪಕದ ಲೆಕ್ಕ ಕೇಳಿಸಿಕೊಂಡು ವಾಪಸು ಬಂದ ಯಾವ ಬೆಳೆಗಾರರಿಗೂ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ತಂಡ ಮುಳುಗುವ ಸ್ಥಿತಿ. ಆಗ ಪ್ರೆಸ್-ಗೆಜೆಟ್‌ನ ಆ್ಯಂಡ್ರ್ಯೂ ಟರ್ನ್‌ಬುಲ್ ಮತ್ತು ಊರಿನ ಕೆಲವರು ಸೇರಿ 1923ರಲ್ಲಿ ತಂಡವನ್ನು ಊರಿನ ಸಂಸ್ಥೆಯಾಗಿ ಮಾಡಿದರು. 5 ಡಾಲರ್‌ನಂತೆ 1,000 ಷೇರು, ಒಟ್ಟು 5,000 ಡಾಲರ್. ಕೊಂಡವರಲ್ಲಿ ವ್ಯಾಪಾರಿಗಳೇ ಹೆಚ್ಚಿದ್ದರು, ನಿಜ. ಆದರೆ ಅವರು ಬರೆದ ನಿಯಮ ನೋಡಿ. ಲಾಭಾಂಶ ಯಾರಿಗೂ ಇಲ್ಲ. ತಂಡವನ್ನು ಮಾರಿದರೆ ಬರುವ ದುಡ್ಡು ಷೇರುದಾರರಿಗಲ್ಲ, ಊರಿನ ಮಾಜಿ ಸೈನಿಕರ ಸಂಘಕ್ಕೆ, ಸ್ಮಾರಕ ಕಟ್ಟಲು. ಅಂದರೆ ಮಾರುವುದರಿಂದ ಯಾವನಿಗೂ ಒಂದು ಪೈಸೆ ಸಿಗುವುದಿಲ್ಲ. ಲಾಭ ಸಿಗದ ಮೇಲೆ ಮಾರುವುದು ಯಾರು?

ಅದೇ ಕಾಲದಲ್ಲಿ ಡೆಕೇಟರ್ ಎಂಬ ಊರಲ್ಲಿ ಗಂಜಿಹಿಟ್ಟಿನ ಕಾರ್ಖಾನೆಯೊಂದರ ತಂಡ ಇತ್ತು. ಖರ್ಚು ಭಾರವಾಯಿತು ಎಂದು 1921ರಲ್ಲಿ ಮಾಲೀಕರು ಅದನ್ನು ಶಿಕಾಗೊಗೆ ಕಳಿಸಿಕೊಟ್ಟರು. ಅದೇ ಇವತ್ತಿನ ಶಿಕಾಗೊ ಬೇರ್ಸ್. ಕ್ಯಾಂಟನ್, ರಾಕ್ ಐಲೆಂಡ್, ಮನ್ಸಿ, ಹೀಗೆ ಲೀಗ್ ಶುರುವಾದಾಗ ಇದ್ದ ಸಣ್ಣ ಊರುಗಳ ತಂಡಗಳೆಲ್ಲ ಮಾಯವಾದವು. ಉಳಿದಿದ್ದು ಗ್ರೀನ್ ಬೇ ಒಂದೇ. 1929, 1930, 1931, ಸತತ ಮೂರು ವರ್ಷ ಚಾಂಪಿಯನ್. ಇವತ್ತು ಷೇರುದಾರರ ಸಂಖ್ಯೆ 5 ಲಕ್ಷ ದಾಟಿದೆ. ವಿಚಿತ್ರ ಎಂದರೆ ಬೇರೆ ಯಾವ ತಂಡವೂ ಹೀಗೆ ಊರಿನ ಒಡೆತನದಲ್ಲಿ ಇರಕೂಡದು ಎಂದು ಆ ಲೀಗ್ ಆಮೇಲೆ ನಿಯಮ ಮಾಡಿತು. ಶ್ರೀಮಂತರಿಗೆ ಯಾವುದರ ಭಯ ಇತ್ತು ಎಂದು ಅದರಲ್ಲೇ ತಿಳಿಯುತ್ತದೆ.

ಈಗ ನಮ್ಮೂರು. ಕಾಫಿ ಕುಯ್ಲು ಮುಗಿದು ಮುಂಗಾರು ಹಿಡಿಯುವ ತನಕ ನಮ್ಮ ಕಡೆ ಟೂರ್ನಿಗಳ ಕಾಲ. ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್, ಹಗ್ಗಜಗ್ಗಾಟ. ರಸೀದಿ ಪುಸ್ತಕ ಹಿಡಿದು ಹುಡುಗರು ಎಸ್ಟೇಟು, ಅಂಗಡಿ, ರಾಜಕಾರಣಿ ಮನೆ ಎಲ್ಲ ಸುತ್ತುತ್ತಾರೆ. ದುಡ್ಡು ಬರುತ್ತದೆ, ಇಲ್ಲ ಎನ್ನಬೇಡಿ. ಅದು ಹೋಗುವುದು ಶಾಮಿಯಾನ, ಫ್ಲಡ್ ಲೈಟ್, ಡಿಜೆ, ಆಳೆತ್ತರದ ಕಪ್, ಗಣ್ಯರ ಶಾಲು, ಅವರ ಮುಖ ಇರುವ ಫ್ಲೆಕ್ಸ್‌ಗೆ. ಸೋಮವಾರ ಬೆಳಿಗ್ಗೆ ಮೈದಾನದಲ್ಲಿ ಪ್ಲಾಸ್ಟಿಕ್ ಲೋಟ ಉಳಿದಿರುತ್ತದೆ, ತಂಡ ಉಳಿದಿರುವುದಿಲ್ಲ. ಚೆನ್ನಾಗಿ ಆಡಿದ ಹುಡುಗ ಮಂಡಿ ತಿರುಚಿಕೊಂಡು ಮನೆಯಲ್ಲಿ ಬಿದ್ದರೆ ಆಸ್ಪತ್ರೆ ಖರ್ಚು ಅವನ ಅಪ್ಪನದು. ಹುಡುಗಿಯರ ತಂಡ ಹೈಸ್ಕೂಲಿಗೇ ಮುಗಿಯುತ್ತದೆ.

ದೇಣಿಗೆ ಕೊಟ್ಟವರು ಲೆಕ್ಕ ಕೇಳುವುದಿಲ್ಲ. ದೇಣಿಗೆಗೂ ಸದಸ್ಯತ್ವಕ್ಕೂ ಇರುವ ವ್ಯತ್ಯಾಸ ಇದೇ. ದೇಣಿಗೆ ಕೊಟ್ಟವನಿಗೆ ಸ್ಟೇಜ್ ಮೇಲೆ ಕುರ್ಚಿ ಸಿಗುತ್ತದೆ. ಸದಸ್ಯನಿಗೆ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು ಸಿಗುತ್ತದೆ.

ನಮಗಿದು ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದು ಘಟ್ಟದ ಕೆಳಗಿನ ನಮ್ಮಂಥ ಜನರೇ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಡೆಸತೊಡಗಿದರು. ಹೋಬಳಿ ಹೋಬಳಿಗೆ ಸೊಸೈಟಿ ಇದೆ, ಷೇರು ಹಣ ಕಟ್ಟದ ಮನೆ ಕಡಿಮೆ. ಗೊಬ್ಬರಕ್ಕೆ, ಸಾಲಕ್ಕೆ ಆದದ್ದು ಆಟಕ್ಕೆ ಯಾಕೆ ಆಗಬಾರದು?

ಎರಡು ಆಕ್ಷೇಪ ಬರುತ್ತದೆ, ಗೊತ್ತು. ಒಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್ ಮೈದಾನ ಕೆಸರುಗದ್ದೆ, ಆಗ ತಂಡ ಏನು ಮಾಡುತ್ತದೆ? ಗ್ರೀನ್ ಬೇಯಲ್ಲಿ ಹಿಮ ಬೀಳುತ್ತದೆ, ಇಷ್ಟೇ ಉತ್ತರ. ಇನ್ನೊಂದು ಗಟ್ಟಿ ಆಕ್ಷೇಪ: 'ಇದಕ್ಕೂ ಪಾರ್ಟಿ, ಜಾತಿ ನುಗ್ಗುತ್ತದೆ, ಸಾಹುಕಾರರೇ ಅಧ್ಯಕ್ಷರಾಗುತ್ತಾರೆ.' ನುಗ್ಗುತ್ತದೆ, ಸುಳ್ಳಲ್ಲ. ಈಗ ಅವು ಹೊರಗೆ ಇವೆಯೇ? ಈಗ ಫ್ಲೆಕ್ಸ್ ಮೇಲೆ ಯಾರ ಮುಖ ಇರಬೇಕು ಎನ್ನುವುದಕ್ಕೇ ಟೂರ್ನಿ ಒಡೆದು ಎರಡಾಗುವುದಿಲ್ಲವೇ? ಒಬ್ಬರಿಗೆ ಒಂದೇ ಮತ ಎಂದು ನಿಯಮ ಇದ್ದರೆ ತೋಟದ ಮಾಲೀಕರದ್ದೂ ಒಂದು, ಅದೇ ತೋಟದ ಲೈನ್ ಮನೆಯ ಹುಡುಗನದ್ದೂ ಒಂದು. ನಮ್ಮ ಕಡೆ ಆ ಸಮಾನತೆ ಮತಗಟ್ಟೆ ಬಿಟ್ಟು ಬೇರೆಲ್ಲಿ ಇದೆ ಹೇಳಿ ನೋಡೋಣ.

ಹಾಗಾಗಿ ಟೂರ್ನಿ ಕಮಿಟಿಯವರಿಗೆ ನಮ್ಮ ನೇರ ಮಾತು. ಮುಂದಿನ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ತೆರೆದು ನೋಡಿ. ಏಳು ಜನ ಇದ್ದರೆ ಸಂಘ ನೋಂದಾಯಿಸಬಹುದು. ನೂರು ರೂಪಾಯಿ ಸದಸ್ಯತ್ವ ಇಡಿ, ಸಾವಿರ ಜನ ಆದರೆ ಒಂದು ಲಕ್ಷ. ಯಾವ ಆಟ ಎನ್ನುವುದನ್ನು ಸದಸ್ಯರೇ ಮತ ಹಾಕಿ ತೀರ್ಮಾನಿಸಲಿ, ನಮ್ಮ ಮತ ಕಬಡ್ಡಿಗೆ, ಹುಡುಗ ಹುಡುಗಿಯರ ಎರಡೂ ತಂಡಕ್ಕೆ. ಬೈಲಾದಲ್ಲಿ ಮಾತ್ರ ಮೂರು ಸಾಲು ತಪ್ಪದೆ ಬರೆಯಿರಿ: ತಿಂಗಳ ಲೆಕ್ಕ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಆಟಗಾರರ ಗಾಯದ ಖರ್ಚು ಸಂಘದ್ದು, ಶಾಮಿಯಾನದ ಖರ್ಚು ಅದಾದ ಮೇಲೆ. ಸಂಘ ಮುಚ್ಚಿದರೆ ಉಳಿದ ಹಣ ಯಾವ ಸದಸ್ಯನಿಗೂ ಇಲ್ಲ, ಊರಿನ ಮಕ್ಕಳ ಕೆಲಸಕ್ಕೇ ಹೋಗಬೇಕು.