ಜಗಲಿಯ ಮೇಲಿನ ಬಿಲ್ಲೆ

ಕಳಸಾಪುರದ ಮನೆಯೊಂದರ ದೇವರ ಜಗಲಿಯ ಮೇಲೆ ಹಿತ್ತಾಳೆಯ ಬಿಲ್ಲೆಯೊಂದನ್ನು ಕಂಡೆ. ಕೋಲಿಗೆ ಸುತ್ತಿಕೊಂಡ ಒಂಟಿ ಹಾವು, ಸುತ್ತಲೂ ಎಲೆಗಳ ಮಾಲೆ, ನೆತ್ತಿಯ ಮೇಲೆ ಸಿಂಹಗಳು. ಗೆರೆಗಳ ಸಂದಿಯಲ್ಲೆಲ್ಲ ಕುಂಕುಮ ತುಂಬಿತ್ತು. “ನಮ್ಮ ಮಾವನೋರು ಮಿಲ್ಟ್ರಿಯಿಂದ ತಂದದ್ದರೀ. ನಾಗಪ್ಪ ಅದಾನಂತ ಜಗಲಿ ಮ್ಯಾಲ ಇಟ್ಟೇವಿ” ಎಂದರು ಮನೆಯ ಹಿರಿಯ ಸೊಸೆ. ಮಾವ ಸೈನ್ಯದಲ್ಲಿ ಏನು ಕೆಲಸ ಮಾಡುತ್ತಿದ್ದರೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬಿಲ್ಲೆ ಅದನ್ನು ಹೇಳುತ್ತಿತ್ತು. ಹಾವು ಸುತ್ತಿದ ಕೋಲು ಗ್ರೀಕರ ವೈದ್ಯದೇವತೆ ಆಸ್ಕ್ಲೀಪಿಯಸ್‌ನದು. ಅಮೆರಿಕದ ಸೇನಾವೈದ್ಯರ ಬಿಲ್ಲೆಯಾಗಿದ್ದರೆ ಎರಡು ಹಾವು, ರೆಕ್ಕೆ ಇರುತ್ತಿದ್ದವು. ಬ್ರಿಟಿಷರದಾಗಿದ್ದರೆ ನೆತ್ತಿಯ ಮೇಲೆ ಕಿರೀಟ. ಹಳೆಯ ವೈದ್ಯಕೀಯ ವಿಭಾಗಗಳನ್ನು ಕೂಡಿಸಿ 1943ರ ಏಪ್ರಿಲ್ 3ರಂದು ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಕಟ್ಟಿದರು. 1950ರಲ್ಲಿ ಅದು ಆರ್ಮಿ ಮೆಡಿಕಲ್ ಕೋರ್ ಆಯಿತು, ರಾಜನ ಕಿರೀಟ ಹೋಗಿ ಅಶೋಕಸ್ತಂಭದ ಸಿಂಹಗಳು ಬಂದವು. ಆ ಮನೆಯ ಹಿರಿಯರು ಸ್ವತಂತ್ರ ಭಾರತದ ಸೈನ್ಯದಲ್ಲಿ ಗಾಯಾಳುಗಳ ಸೇವೆ ಮಾಡಿದ ದಳದವರು. ‘ಸರ್ವೇ ಸಂತು ನಿರಾಮಯಾಃ’ ಎಂಬುದು ಆ ದಳದ ಧ್ಯೇಯವಾಕ್ಯ. ಕೊರಿಯಾ ಯುದ್ಧದಲ್ಲಿ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್‌ನಲ್ಲಿ ದುಡಿದವರೂ ಈ ದಳದವರೇ. 1951ರ ಮಾರ್ಚ್ 23ರಂದು ಅವರಲ್ಲಿ ಕೆಲವರು ಔಷಧಿ ಸಮೇತ ಆಕಾಶದಿಂದ ರಣರಂಗಕ್ಕೆ ಧುಮುಕಿದ್ದರು.

ಇಂಥ ಬಿಲ್ಲೆಗಳನ್ನು ಕೊಂಡು ಕೂಡಿಡುವುದು ಸರಿಯೇ? ದೇಶಕ್ಕಾಗಿ ದುಡಿದವರ ಗುರುತಿಗೆ ಬೆಲೆ ಕಟ್ಟಬಾರದು ಎನ್ನುವವರಿದ್ದಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಗುಜರಿಯವನ ತಕ್ಕಡಿಯಲ್ಲಿ ಹಿತ್ತಾಳೆಯ ತೂಕಕ್ಕೆ ಹೋಗುತ್ತಿದ್ದ ಎಷ್ಟೋ ಬಿಲ್ಲೆಗಳು ಸಂಗ್ರಾಹಕರ ಕಣ್ಣಿಗೆ ಬಿದ್ದೇ ಉಳಿದಿವೆ. ಹಾಗಾಗಿ ಸಂಗ್ರಹವನ್ನು ನಾನು ಬೇಡವೆನ್ನುವುದಿಲ್ಲ. ನನ್ನ ತಕರಾರು ಒಂದೇ: ಬಿಲ್ಲೆಯನ್ನು ಒಯ್ಯುವವರು ಅದನ್ನು ತೊಟ್ಟವರ ಹೆಸರನ್ನು ಬಿಟ್ಟು ಹೋಗುತ್ತಾರೆ. ಹೆಸರು ಕಳಚಿದ ಬಿಲ್ಲೆ ದಳವನ್ನು ಹೇಳೀತು, ಕಾಲವನ್ನು ಹೇಳೀತು, ಮನುಷ್ಯನನ್ನು ಹೇಳಲಾರದು.

ಸೈನ್ಯದ ವೈದ್ಯಕೀಯ ಸಿಬ್ಬಂದಿ ಕಟ್ಟುವ ಕೆಂಪು ಶಿಲುಬೆಯ ತೋಳಪಟ್ಟಿಯ ವಿಷಯದಲ್ಲಿ ಸಂಗ್ರಾಹಕರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಿಳಿ ಬಟ್ಟೆಗೆ ಕೆಂಪು ಶಿಲುಬೆ ಹೊಲಿಯಲು ಯಾವ ದರ್ಜಿಗೂ ಅರ್ಧ ಗಂಟೆ ಸಾಕು. 1949ರ ಜಿನೀವಾ ಒಪ್ಪಂದದ ಪ್ರಕಾರ ಸೈನ್ಯದ ವೈದ್ಯಕೀಯ ಸಿಬ್ಬಂದಿ ಪಟ್ಟಿಯನ್ನು ಎಡತೋಳಿಗೆ ಕಟ್ಟಬೇಕು, ಅದು ನೀರಿಗೆ ಕೆಡದಂತಿರಬೇಕು, ಸೈನ್ಯಾಧಿಕಾರದ ಮುದ್ರೆ ಅದರ ಮೇಲಿರಬೇಕು. ಅಗತ್ಯ ಬಿದ್ದಾಗಷ್ಟೇ ಗಾಯಾಳುಗಳನ್ನು ಹೊರುವ ಸೈನಿಕರ ಪಟ್ಟಿಯಲ್ಲಿ ಶಿಲುಬೆ ಚಿಕ್ಕದು, ಪಟ್ಟಿಯ ನಡುಮಧ್ಯೆ. ಅದನ್ನೂ ಆ ಕೆಲಸದ ಹೊತ್ತಿನಲ್ಲಿ ಮಾತ್ರ ಕಟ್ಟಬೇಕು. ಆದ್ದರಿಂದ ಬಲ್ಲವರು ಮೊದಲು ಮುದ್ರೆಯನ್ನು ಹುಡುಕುತ್ತಾರೆ. ‘ಇವನ ಮೇಲೆ ಗುಂಡು ಹಾರಿಸಬೇಡ’ ಎಂಬ ಮಾತನ್ನು ವೈರಿಯೂ ಒಪ್ಪಿದ್ದು ಆ ಚಿಹ್ನೆಯ ನಂಬಿಕೆಯ ಮೇಲೆ. ಅದಕ್ಕೇ ನಮ್ಮ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಕೆಂಪು ಶಿಲುಬೆಯನ್ನು ಅನುಮತಿ ಇಲ್ಲದೆ ಬಳಸುವುದನ್ನು ನಿಷೇಧಿಸಿದೆ. ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಪಟ್ಟಿ ಇತಿಹಾಸ. ಅದನ್ನೇ ತೋಳಿಗೆ ಕಟ್ಟಿಕೊಂಡು ತಿರುಗಿದರೆ ಆ ನಂಬಿಕೆಗೆ ಪೆಟ್ಟು.

ಗುರುತುಗಳನ್ನು ಓದುವುದು ನಮ್ಮ ಸೀಮೆಗೆ ಹೊಸತಲ್ಲ. ಇಲ್ಲಿಗೆ ಹತ್ತಿರದ ಬೆಟಗೇರಿಯಲ್ಲಿ ವೀರಗಲ್ಲುಗಳಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕಾದಿ ಮಡಿದವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಬಿದ್ದವನನ್ನು ಹೊತ್ತು ತಂದು ಉಳಿಸಿದವನಿಗೆ ಎಲ್ಲಿದೆ ಕಲ್ಲು? ಅವನ ಪಾಲಿಗೆ ಈ ಬಿಲ್ಲೆ, ಈ ಪಟ್ಟಿ ಇಷ್ಟೇ. ಇವನ್ನೂ ಓದಲಾರದೆ ಹೋದರೆ ಅವನ ಸೇವೆಗೆ ಸಾಕ್ಷಿಯೇ ಉಳಿಯದು.

ಸೊಸೆಗೆ ಬಿಲ್ಲೆಯ ಅರ್ಥ ಹೇಳಿದ ಮೇಲೆ ಅವರು ಒಳಗೆ ಹೋಗಿ ಟ್ರಂಕು ತೆಗೆದರು. ಹಳೆಯ ಪಂಚಾಂಗಗಳ ಕೆಳಗೆ ಮಾವನವರ ಡಿಸ್ಚಾರ್ಜ್ ಬುಕ್ಕು ಸಿಕ್ಕಿತು. ಹುದ್ದೆಯ ಜಾಗದಲ್ಲಿ ‘ನರ್ಸಿಂಗ್ ಅಸಿಸ್ಟೆಂಟ್’ ಎಂದಿತ್ತು. ಬಿಲ್ಲೆಯನ್ನು ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರೆಂದು ಕೇಳಿಕೊಂಡೆ. ತಿಕ್ಕಿದಷ್ಟೂ ಗೆರೆ ಸವೆಯುತ್ತವೆ. ಮೊಮ್ಮಗಳು ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಅಜ್ಜನ ಹೆಸರು, ನಂಬರು, ಸೇವೆಯ ವರ್ಷಗಳನ್ನು ಬರೆದು ಮಡಚಿ, ಬಿಲ್ಲೆಯ ಕೆಳಗೆ ಇಟ್ಟಳು. ಜಗಲಿಯಿಂದ ಅದನ್ನು ಯಾರೂ ಇಳಿಸಲಿಲ್ಲ. ಇಳಿಸಬೇಕೆಂದು ನನಗೂ ಅನ್ನಿಸಲಿಲ್ಲ.