ಬಡಿಸುವವರಿಗೂ ಪಥ್ಯ ಬೇಕು

1965ರಲ್ಲಿ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಪ್ರಫುಲ್ಲಚಂದ್ರ ಸೇನರ ಸರಕಾರವು, ಹಾಲಿಗೆ ಅಭಾವವುಂಟಾಗಿರುವ ಕಾಲದಲ್ಲಿ ಅದನ್ನು ಒಡೆದು ಛೇನಾ ಮಾಡಿ ಮಿಠಾಯಿಗೆ ಸುರಿಯುವುದು ಯುಕ್ತವಲ್ಲವೆಂದು ಬಗೆದು, ರಸಗುಲ್ಲ ಸಂದೇಶಗಳೇ ಮೊದಲಾದ ಛೇನಾದ ಸಿಹಿಗಳ ತಯಾರಿಕೆಯನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು. ಆಜ್ಞೆ ಬಹುಕಾಲ ಬಾಳಲಿಲ್ಲ. 1967ರ ಚುನಾವಣೆಯಲ್ಲಿ ಸೇನರು ಸೋತುದಕ್ಕೆ ಅಕ್ಕಿಯ ಕೊರತೆಯೇ ಮೊದಲಾದ ಗುರುತರ ಕಾರಣಗಳಿದ್ದುವು. ಸಂದೇಶದ ಶಾಪವೂ ಅವುಗಳ ಜೊತೆಗೆ ಸೇರಿಕೊಂಡಿತೆಂದು ಯಾರಾದರೂ ಹೇಳಿದರೆ ನಾನಂತೂ ವಾದಕ್ಕೆ ನಿಲ್ಲಲಾರೆ. ಕಾಯಿದೆಯನ್ನೂ ಪೊಲೀಸರನ್ನೂ ಕೈಯಲ್ಲಿಟ್ಟುಕೊಂಡಿದ್ದ ಒಂದು ಸರಕಾರದಿಂದ ಕಲ್ಕತ್ತೆಯಲ್ಲಿ ಆಗದೆ ಹೋದ ಕೆಲಸವನ್ನು, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದೇ ನಗರದ ಆಸ್ಪತ್ರೆಯಿಂದ ಮನೆಗೆ ಮರಳುವ ಒಬ್ಬ ಏಕಾಕಿ ಮನುಷ್ಯನಿಂದ ನಾವು ಈಗ ನಿರೀಕ್ಷಿಸುತ್ತಿದ್ದೇವೆ. ಅವನು ಸೋತರೆ ಅವನ ಮನಸ್ಸು ದುರ್ಬಲವೆಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತೇವೆ.

ಈ ಚಿಕಿತ್ಸೆಯ ಸ್ವರೂಪವನ್ನು ಅರಿಯದೆ ಮುಂದಿನ ಮಾತು ವಿಶದವಾಗಲಾರದು. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೋ ಎಂಬ ವೈದ್ಯರು ಸ್ಥೂಲಕಾಯದ ನಿವಾರಣೆಗಾಗಿ ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು ಕೈಗೊಂಡಂದಿನಿಂದ ಈ ವಿದ್ಯೆ ಬಹುದೂರ ಸಾಗಿ ಬಂದಿದೆ. ಇಂದು ಹೆಚ್ಚು ಪ್ರಚಾರದಲ್ಲಿರುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೆ ಕಡಮೆಯಿಲ್ಲದಷ್ಟನ್ನು ತೆಗೆದುಹಾಕಿ, ಉಳಿದುದನ್ನು 100ರಿಂದ 150 ಮಿಲಿಲೀಟರು ಹಿಡಿಯುವ ಕಿರಿದಾದ ನಳಿಕೆಯನ್ನಾಗಿ ಮಾಡುತ್ತಾರೆ. ಬೈಪಾಸಿನಲ್ಲಾದರೋ 30 ಮಿಲಿಲೀಟರಿನಷ್ಟು ಪುಟ್ಟ ಚೀಲವೊಂದನ್ನು ಮಾತ್ರ ಉಳಿಸಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಹಸಿವನ್ನು ಪ್ರೇರಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಮಟ್ಟಿಗೆ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೊರಟುಹೋಗುವುದರಿಂದ ಮೊದಮೊದಲು ರೋಗಿಗೆ ಹಸಿವೆಂಬುದು ಮರೆತೇಹೋದಂತಾಗುವುದುಂಟು. ಬಳಿಕ ನಿಯಮಗಳ ಜೀವನ: ದಿನಕ್ಕೆ 60 ಗ್ರಾಮಿಗೆ ಕಡಮೆಯಾಗದಂತೆ ಪ್ರೋಟೀನು, ಊಟದೊಡನೆ ನೀರು ಕುಡಿಯದಿರುವುದು, ಉಂಡ ಮೇಲೆ ಅರ್ಧ ಗಂಟೆ ಕಾಯುವುದು, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಮಾತ್ರೆಗಳನ್ನು ಬದುಕಿರುವವರೆಗೂ ನುಂಗುವುದು.

ಇಷ್ಟಾದ ಮೇಲೆ ಇನ್ನು ಅಪಾಯವೆಲ್ಲಿ ಎಂದು ಮನೆಯವರು ಕೇಳುವುದು ಸಹಜ. ಅಪಾಯವಿರುವುದು ದೊಡ್ಡ ಊಟದಲ್ಲಿ ಅಲ್ಲ. ದೊಡ್ಡ ಊಟವನ್ನು ಆ ಕುಗ್ಗಿದ ಜಠರವೇ ತಡೆಯುತ್ತದೆ. ಅದು ತಡೆಯಲಾರದುದು, ಗಂಟೆಗೊಮ್ಮೆ ನಾಲಗೆಯ ಮೇಲೆ ಕರಗಿ ಸದ್ದಿಲ್ಲದೆ ಕೆಳಗಿಳಿಯುವ ಮೃದುವಾದ ಸಿಹಿಯ ತುಣುಕುಗಳನ್ನು. ಬೈಪಾಸ್ ಆದವರಲ್ಲಿ ಅನೇಕರಿಗೆ ಸಕ್ಕರೆ ಅವಸರವಾಗಿ ಕರುಳಿಗೆ ಇಳಿದೊಡನೆ ಬೆವರು, ಎದೆಬಡಿತ, ಹೊಟ್ಟೆನುಲಿತಗಳು ತೋರಿಕೊಳ್ಳುತ್ತವೆ. ವೈದ್ಯರು ಡಂಪಿಂಗ್ ಎಂದು ಕರೆಯುವ ಈ ಯಾತನೆಯೇ ಅವರಿಗೆ ಕಾವಲುಗಾರ. ಸ್ಲೀವ್ ಆದವರಿಗೆ ಎಷ್ಟೋ ವೇಳೆ ಆ ಕಾವಲೂ ಇಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಸುದೀರ್ಘ ಅಧ್ಯಯನದಲ್ಲಿ, ಬೈಪಾಸ್ ಮಾಡಿಸಿಕೊಂಡವರು ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ತೂಕವನ್ನು ಕಳೆದುಕೊಂಡಿದ್ದರು. ಹತ್ತನೆಯ ವರ್ಷದಲ್ಲಿ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತ್ತು. ಇದನ್ನು ಸೋಲೆಂದು ಕರೆಯುವುದು ಅನ್ಯಾಯ, ಏಕೆಂದರೆ ಶಸ್ತ್ರಚಿಕಿತ್ಸೆಯಾದವರಲ್ಲಿ ಮರಣಪ್ರಮಾಣವೇ ಕಡಮೆಯಾದುದನ್ನು 2007ರಲ್ಲಿ ಅದೇ ಅಧ್ಯಯನ ತೋರಿಸಿತು. ಆದರೂ, ಬಂಧುಗಳು ಚಿಕಿತ್ಸೆಯ ಮಾತನ್ನೇ ಮರೆತು, ಹಸಿವು ಮಾತ್ರ ಮೆಲ್ಲನೆ ಮರಳಿ ಬರುವ ಎರಡನೆಯ ವರ್ಷದಿಂದಾಚೆಗೆ ಕಾಲು ಜಾರುವ ನೆಲ ಮೊದಲಾಗುವುದೆಂಬುದನ್ನು ಆ ಅಂಕೆಗಳಿಂದ ತಿಳಿಯಬಹುದು.

ಇನ್ನು ಕಲ್ಕತ್ತೆಯ ಪಂಚಾಂಗವನ್ನು ನೋಡಿರಿ. ದಶಮಿಯಂದು ದುರ್ಗೆಯ ವಿಸರ್ಜನೆಯಾದೊಡನೆ ಬಿಜೊಯಾ. ಹಿರಿಯರಿಗೆ ಪ್ರಣಾಮ, ಸಮವಯಸ್ಕರಿಗೆ ಆಲಿಂಗನ, ಮನೆಮನೆಗೆ ಭೇಟಿ, ಭೇಟಿಯಿತ್ತ ಪ್ರತಿಯೊಂದು ಮನೆಯಲ್ಲಿಯೂ ನಾಡು ಎಂಬ ಕೊಬ್ಬರಿಯ ಉಂಡೆ, ನಿಮಕಿ, ಸಂದೇಶಗಳ ತಟ್ಟೆ. ಅದು ಮುಗಿಯಿತೆನ್ನುವಷ್ಟರಲ್ಲಿ ಸೋದರಿಯರು ಸೋದರರ ಹಣೆಗೆ ತಿಲಕವಿಟ್ಟು ಉಣಿಸುವ ಭಾಯ್ ಫೋಟಾ. ಚಳಿಗಾಲದಲ್ಲಿ ಖರ್ಜೂರದ ಮರದ ರಸದಿಂದ ಕಾಯಿಸಿದ ನೊಲೆನ್ ಗುಡದ ಪರಿಮಳ ಬೀದಿಬೀದಿಯಲ್ಲಿ; ಪೌಷ ಸಂಕ್ರಾಂತಿಗೆ ಪಿಠೆ, ಪಾಯಸ; ಜ್ಯೇಷ್ಠ ಶುಕ್ಲ ಷಷ್ಠಿಗೆ ಅತ್ತೆಯು ಅಳಿಯನನ್ನು ಕೂರಿಸಿ ಉಣಬಡಿಸುವ ಜಮಾಯ್ ಷಷ್ಠಿ. ಬಾಗಬಜಾರಿನ ನವೀನಚಂದ್ರ ದಾಸರು 1868ರಲ್ಲಿ ರೂಪಿಸಿದರೆಂದು ಬಂಗಾಳಿಗಳು ಅಭಿಮಾನದಿಂದ ಹೇಳುವ ರಸಗುಲ್ಲಕ್ಕೆ 2017ರಲ್ಲಿ ಭೌಗೋಳಿಕ ಸೂಚಿಕೆಯ ಮುದ್ರೆಯನ್ನೂ ಒತ್ತಿಸಿಕೊಂಡ ಈ ಜನಕ್ಕೆ ಸಿಹಿಯೆಂದರೆ ಬಾಂಧವ್ಯದ ರಸೀದಿ. ಬಂದವರಿಗೆ ಬರಿಯ ನೀರನ್ನು ಕೊಡುವುದು ಅಲ್ಲಿ ಅಮಂಗಳ. ನೀರಿನೊಡನೆ ಒಂದು ಸಿಹಿಯಾದರೂ ಇರಲೇಬೇಕು. ಹೀಗಿರುವಾಗ ಬಿಜೊಯಾದ ಸಂಜೆ ಐದಾರು ಮನೆ ಸುತ್ತಿದ ರೋಗಿಯೊಬ್ಬನು ಎಲ್ಲಿಯೂ ಊಟ ಮಾಡಲಿಲ್ಲ, ಯಾರ ಮನೆಯಲ್ಲಿಯೂ ಒಂದು ಸಂದೇಶಕ್ಕಿಂತ ಹೆಚ್ಚು ಮುಟ್ಟಲಿಲ್ಲ. ಎಲ್ಲ ಮನೆಯವರೂ ಇವನು ಏನನ್ನೂ ತಿನ್ನಲಿಲ್ಲವೆಂದು ಮರುಗಿದರು. ರಾತ್ರಿ ಲೆಕ್ಕ ಹಾಕಿದರೆ ದಿನದ ಪ್ರೋಟೀನು ಅರ್ಧಕ್ಕೆ ನಿಂತಿತ್ತು, ಸಕ್ಕರೆ ಮಾತ್ರ ಆರೋಗ್ಯವಂತನಿಗೂ ಅತಿಯೆನ್ನುವಷ್ಟು ಒಳಸೇರಿತ್ತು.

ಊಟದ ಕ್ರಮದಲ್ಲಿಯೇ ಇನ್ನೊಂದು ತೊಡಕಿದೆ. ಇದನ್ನು ಕುರಿತು ಯಾರೂ ಸಾಕಷ್ಟು ಯೋಚಿಸಿದಂತೆ ನನಗೆ ತೋರಲಿಲ್ಲ. ನಮ್ಮಲ್ಲಿ ಎಲೆಯ ತುಂಬ ಬಡಿಸಿಯಾದ ಮೇಲೆ ಉಣಲು ತೊಡಗುವುದು ವಾಡಿಕೆಯಾದರೆ, ಬಂಗಾಳದ ಸಾಂಪ್ರದಾಯಿಕ ಭೋಜನದಲ್ಲಿ ಒಂದೊಂದು ವ್ಯಂಜನವೂ ತನ್ನ ಸರದಿಯಲ್ಲಿ ಬರತಕ್ಕದ್ದು: ಮೊದಲು ಹಾಗಲದ ಕಹಿ ಬೆರೆತ ಶುಕ್ತೊ, ಆಮೇಲೆ ಬೇಳೆ ಮತ್ತು ಕರಿದ ಭಾಜಾ, ಮತ್ತೆ ತರಕಾರಿ, ತರುವಾಯ ಮೀನು, ಇದ್ದರೆ ಮಾಂಸ, ಚಟ್ನಿ ಹಪ್ಪಳ, ಕಟ್ಟಕಡೆಗೆ ಮಿಷ್ಟಿ ದೊಯಿ ಎಂಬ ಸಿಹಿಮೊಸರು ಮತ್ತು ಸಂದೇಶ, ಚಟ್ನಿಯವರೆಗಿನ ಎಲ್ಲಕ್ಕೂ ಆಧಾರ ಅನ್ನ. ನಾಲಗೆಯನ್ನು ಕಹಿಯಿಂದ ಸಿಹಿಯತ್ತ ಮೆಲ್ಲಮೆಲ್ಲನೆ ಕರೆದೊಯ್ಯುವ ಈ ಕ್ರಮವನ್ನು ಕಂಡುಕೊಂಡವರ ರಸಿಕತೆಗೆ ನಾನು ಕೈಮುಗಿಯುತ್ತೇನೆ. ಆದರೆ 150 ಮಿಲಿಲೀಟರಿನ ಜಠರವುಳ್ಳವನು ಶುಕ್ತೊ ಬೇಳೆಗಳೊಡನೆ ನಾಲ್ಕು ತುತ್ತು ಅನ್ನವನ್ನು ಉಂಡೊಡನೆ ತುಂಬಿಹೋಗುತ್ತಾನೆ. ಅವನಿಗೆ ಯಾವುದು ಅತ್ಯಗತ್ಯವೋ ಆ ಮೀನು ಬರುವ ಹೊತ್ತಿಗೆ ಒಳಗೆ ಎಡೆಯಿಲ್ಲ. ಎಲ್ಲರೂ ಕೈತೊಳೆದು ಹರಟುತ್ತ ಕುಳಿತ ಮೇಲೆ ಬರುವ ಮಿಷ್ಟಿ ದೊಯಿಗೆ ಮಾತ್ರ ಹೇಗೋ ಎಡೆ ದೊರೆಯುತ್ತದೆ. ವಿಷಾದವೇನೆಂದರೆ ಈ ರೋಗಿಗೆ ಬಂಗಾಳದ ಅಡಿಗೆಮನೆಯಷ್ಟು ಹಿತವಾದುದು ದುರ್ಲಭ. ರೋಹು, ಕಾಟ್ಲಾ, ಭೇಟ್ಕಿಗಳ ಮೃದುಮಾಂಸ, ಝೋಲ್ ಎಂಬ ತಿಳಿಯಾದ ಸಾರು, ಸಕ್ಕರೆ ಸೇರುವ ಮುಂಚಿನ ಛೇನಾ, ಇವೆಲ್ಲ ಪಥ್ಯಶಾಸ್ತ್ರಜ್ಞರು ಬಯಸುವ ವಸ್ತುಗಳೇ. ಸಾಮಗ್ರಿಯನ್ನು ಬದಲಾಯಿಸಬೇಕಾದುದಿಲ್ಲ, ಸರದಿಯನ್ನು ತಿರುಗಿಸಿ ಮೀನನ್ನು ಮೊದಲಿಗೂ ಅನ್ನವನ್ನು ಕೊನೆಗೂ ತಂದರೆ ಮುಕ್ಕಾಲು ಕೆಲಸ ಆದಂತೆ.

ಕನ್ನಡಿಗರು ಇದನ್ನೋದಿ ಬಂಗಾಳಿಗಳನ್ನು ನೋಡಿ ನಗಬೇಕಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಅಧಿಕ ತೂಕದವರ ಪ್ರಮಾಣ ದೇಶದಲ್ಲಿ ಹೆಂಗಸರಲ್ಲಿ ಶೇ. 24, ಗಂಡಸರಲ್ಲಿ ಸುಮಾರು ಶೇ. 23 ಇದ್ದರೆ, ಕರ್ನಾಟಕದಲ್ಲಿ ಇಬ್ಬರಲ್ಲಿಯೂ ಶೇ. 30ರ ಆಸುಪಾಸಿನಲ್ಲಿದೆ. ಎಲೆಯ ಮೇಲೆ ಎರಡು ಕೈಗಳನ್ನೂ ಅಡ್ಡ ಹಿಡಿದವನ ಬೆರಳ ಸಂದಿಯಲ್ಲಿ ಹೋಳಿಗೆಯನ್ನು ಇಳಿಸಿ, ಮೇಲೆ ತುಪ್ಪವನ್ನೂ ಹೊಯ್ದು, ‘ಸಂಕೋಚ ಮಾಡಿಕೊಳ್ಳಬೇಡಿ’ ಎನ್ನುವ ಕಲೆಯಲ್ಲಿ ನಾವು ಯಾರಿಗೂ ಕಡಮೆಯಿಲ್ಲ. ಬಂಗಾಳಿ ಅತ್ತೆಯ ‘ಆರ್ ಎಕ್ಟು’ ಮತ್ತು ನಮ್ಮ ಅತ್ತೆಯ ‘ಇನ್ನೊಂದು ಚೂರು’ ಒಂದೇ ಅಂತಃಕರಣದಿಂದ ಹೊರಟುವು. ಆ ಅಂತಃಕರಣವನ್ನು ಹಳಿಯುವುದು ನನ್ನ ಉದ್ದೇಶವೂ ಅಲ್ಲ. ಬರಗಾಲಗಳನ್ನು ಕಂಡ ನಾಡಿನಲ್ಲಿ, 1943ರ ಕ್ಷಾಮದ ಸ್ಮರಣೆಯಿನ್ನೂ ಮನೆಮಾತುಗಳಲ್ಲಿ ಉಳಿದಿರುವ ನಗರದಲ್ಲಿ, ತುಂಬಿದ ತಟ್ಟೆಯು ಅಭಯವನ್ನೂ ಖಾಲಿ ತಟ್ಟೆಯು ಭಯವನ್ನೂ ಸೂಚಿಸಿದರೆ ಆಶ್ಚರ್ಯವೇನು?

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ಗೃಹಿಣಿಯೇ ಆದರೆ ಸಂಗತಿ ಇನ್ನಷ್ಟು ಕಠಿನ. ಗಂಡಸಿಗಾದರೆ ಪಥ್ಯದ ತಟ್ಟೆಯನ್ನು ಯಾರೋ ಸಿದ್ಧಪಡಿಸಿ ತಂದಿಡುತ್ತಾರೆ; ಆಕೆಗಾದರೋ ತನ್ನ ಬಟ್ಟಲು ಸಾರಿನ ಜೊತೆಗೆ ಮನೆಮಂದಿಯ ಲುಚಿ, ಆಲೂರ್ ದಮ್, ಪಾಯಸಗಳನ್ನೂ ತಾನೇ ಬೇಯಿಸಬೇಕು, ಉಪ್ಪು ಹುಳಿ ನೋಡಬೇಕು, ಮಕ್ಕಳು ಬಿಟ್ಟುದನ್ನು ಚೆಲ್ಲಲಾರದೆ ಬಾಯಿಗೆ ಹಾಕಿಕೊಳ್ಳಬೇಕು. ಇದಕ್ಕೆ ವಿರುದ್ಧವಾದ ಉಪದ್ರವವೂ ಒಂದುಂಟು: ಬಲವಂತಪಡಿಸುವವರನ್ನು ಬಿಟ್ಟರೆ ಕಾವಲು ಕಾಯುವವರು. ಪಂಕ್ತಿಯ ನಡುವೆ, ಹತ್ತು ಜನರೆದುರಿಗೆ, ‘ನಿನಗೆ ಅದು ಆಗದಲ್ಲ’ ಎಂದು ಘೋಷಿಸುವ ಮೈದುನನಿಂದ ಉಪಕಾರವಾಗುವುದಿಲ್ಲ. ಅವಮಾನಿತಳಾದವಳು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ತಿನ್ನುತ್ತಾಳೆ.

ತನ್ನ ನಾಲಗೆಯನ್ನು ತಾನು ಆಳಲಾರದವನಿಗೆ ಮನೆಯವರೇನು ಮಾಡಿಯಾರು ಎಂಬ ಆಕ್ಷೇಪ ಬರುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನೂ ಕೆಲವರು ಮುಂದೆ ಚಾಚುವರು. ಆ ಗಾದೆ ಉಣ್ಣುವವನ ವಿವೇಕವನ್ನು ಹೇಳಿ ಬಡಿಸುವವರ ವಿಷಯದಲ್ಲಿ ಮೌನ ತಾಳಿದೆ. ನಿಗ್ರಹ ರೋಗಿಯದೇ ಕರ್ತವ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಗ್ರಹವು ದಿನಕ್ಕೆ ಒಂದೆರಡು ಸಲ ಮಾಡತಕ್ಕ ಕಾರ್ಯವಾಗಿರುವಾಗ ಸಾಧ್ಯವಾಗುವಂತೆ, ಪ್ರೀತಿಸುವವರ ಮುಖಭಂಗವನ್ನು ಸಹಿಸುತ್ತ ಗಂಟೆಗಂಟೆಗೂ ಮಾಡಬೇಕಾದಾಗ ಸಾಧ್ಯವಾಗುವುದಿಲ್ಲ. ಒಂದು ಸಲ ನಯವಾಗಿ ಬೇಡವೆಂದವನನ್ನು ಎರಡನೆಯ ಸಲ ಕೇಳದಿರುವುದು ಅತಿಥಿಸತ್ಕಾರಕ್ಕೆ ಕುಂದಲ್ಲವೆಂದು ಮನೆಯ ಹಿರಿಯರೊಬ್ಬರು ಬಾಯಿಬಿಟ್ಟು ಹೇಳಿದರೆ ಸಾಕು, ಬಹಳ ಭಾರ ಇಳಿಯುತ್ತದೆ.

ಆದಕಾರಣ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ನಡೆಯುವ ಉಪದೇಶಕ್ಕೆ ರೋಗಿಯನ್ನಷ್ಟೇ ಕರೆಯದೆ, ಆ ಮನೆಯಲ್ಲಿ ಸೌಟು ಹಿಡಿಯುವವರು ಯಾರೋ ಅವರನ್ನೂ ಕರೆದು ಕೂರಿಸಬೇಕೆಂಬುದು ನನ್ನ ಅಭಿಪ್ರಾಯ. ಎರಡನೆಯ ವರ್ಷದಲ್ಲಿ, ಹಸಿವು ಮರಳುವ ವೇಳೆಗೆ, ಅವರನ್ನು ಮತ್ತೊಮ್ಮೆ ಕರೆಯಬೇಕು. ಅವರಿಗೆ ಕೊಡುವ ಪಟ್ಟಿಯಲ್ಲಿ ಓಟ್ಸು, ಸಾಲ್ಮನ್‌ಗಳ ಬದಲಾಗಿ ಝೋಲ್, ಛೇನಾ, ಶುಕ್ತೊಗಳ ಹೆಸರಿರಬೇಕು. ಯಾವುದು ಮೊದಲು, ಯಾವುದು ಕಡೆಗೆ ಎಂಬುದಿರಬೇಕು. ಜಮಾಯ್ ಷಷ್ಠಿಯಂದು ಅಳಿಯನಿಗೆ ಹಾಗಾದರೆ ಏನು ಬಡಿಸಲಿ ಎಂದು ಅತ್ತೆ ಕೇಳಿದರೆ ಉತ್ತರ ಸಿದ್ಧವಾಗಿದೆ: ಮುಳ್ಳಿಲ್ಲದ ಭೇಟ್ಕಿಯ ತುಂಡಿಗೆ ಸಾಸಿವೆಯರೆದ ಮಸಾಲೆ ಹಚ್ಚಿ, ಬಾಳೆಯೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಪಾತುರಿಯನ್ನು ಎಲ್ಲಕ್ಕಿಂತ ಮೊದಲು ಬಡಿಸಲಿ, ಅನ್ನವನ್ನು ಅವನಾಗಿ ಕೇಳಿದರೆ ಇಡಲಿ. ಜ್ಯೇಷ್ಠಮಾಸದ ಮಾವಿನ ಹಣ್ಣಿನ ವಿಚಾರವನ್ನು ಅಳಿಯನೂ ಅವನ ವೈದ್ಯನೂ ಮೊದಲೇ ಮಾತಾಡಿಕೊಂಡು ಬರುತ್ತಾರೆ.